ಸುಣ್ಣ, ಕಾವಿ, ಬೆತ್ತ: ಈಗಿನ ಟ್ರೆಂಡನ್ನು ಫ್ಲ್ಯಾಟಿಗೆ ತರುವ ಸರಿಯಾದ ಕ್ರಮ

ಸಾಗರದ ಹತ್ತಿರ ನಮ್ಮ ಅಜ್ಜಿ ಮನೆ. ನೆಲ ಕೆಂಪು, ಕಾಲಿಟ್ಟರೆ ತಣ್ಣಗೆ. ಗೋಡೆಗೆ ಸುಣ್ಣ, ಕೆಳಗಿನ ಮೂರು ಅಡಿಗೆ ಕೆಮ್ಮಣ್ಣು. ಜಗಲಿಯಲ್ಲಿ ಬೆತ್ತದ ಎರಡು ಕುರ್ಚಿ. ಈಗ ಬೆಂಗಳೂರಿನಲ್ಲಿ ಮನೆ ಒಳಾಂಗಣ ಮಾಡಿಸುವವರು ಕೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ಲೈಮ್‌ವಾಶ್ ಅಂದರೆ ಸುಣ್ಣ ಬಳಿದ ಗೋಡೆ, ಮಣ್ಣಿನ ಬಣ್ಣ, ಸಿಮೆಂಟಿಗೆ ಬಣ್ಣದ ಪುಡಿ ಕಲಸಿ ಮಾಡುವ ಆಕ್ಸೈಡ್ ನೆಲ, ಬೆತ್ತದ ಹೆಣಿಗೆ ಇರುವ ಕಪಾಟು, ಕೈಮಗ್ಗದ ಬಟ್ಟೆ. ಹತ್ತು ವರ್ಷದ ಹಿಂದೆ ಎಲ್ಲಿ ನೋಡಿದರೂ ಹೊಳೆಯುವ ಬಿಳಿ ಟೈಲ್ಸ್, ಬೂದು ಗೋಡೆ, ನೀಲಿ ಎಲ್‌ಇಡಿ ಪಟ್ಟಿ ಇದ್ದ ಫಾಲ್ಸ್ ಸೀಲಿಂಗ್. ಆ ಕಾಲ ಮುಗಿಯುತ್ತಾ ಬಂದಿದೆ. ಬಣ್ಣಗಳ ಮಾದರಿ ಪಟ್ಟಿ ಮಾಡುವ ಪ್ಯಾಂಟೋನ್ ಸಂಸ್ಥೆ 2025ರ ವರ್ಷದ ಬಣ್ಣ ಎಂದು ಆರಿಸಿದ್ದು ಮೋಕಾ ಮೂಸ್, ಅಂದರೆ ಹಾಲು ಜಾಸ್ತಿ ಹಾಕಿದ ಕಾಫಿಯ ಕಂದು.

ನನಗೆ ಈ ಬದಲಾವಣೆ ತುಂಬಾ ಇಷ್ಟ. ಆದರೆ ಒಂದು ಮಾತು ಹೇಳಲೇಬೇಕು. ಸುಣ್ಣ, ಆಕ್ಸೈಡ್, ಬೆತ್ತ, ಹತ್ತಿ ಇವೆಲ್ಲ ನೀರು ಕುಡಿಯುತ್ತವೆ, ಒಣಗುತ್ತವೆ, ಉಬ್ಬುತ್ತವೆ, ಬಣ್ಣ ಬದಲಿಸುತ್ತವೆ. ಲ್ಯಾಮಿನೇಟ್ ಅಂಟಿಸಿದ ಹಾಗೆ ಇವನ್ನು ತಂದು ಅಂಟಿಸಲು ಆಗುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ತಪ್ಪಿದರೆ ದುಡ್ಡು ದಂಡ. ನಮ್ಮ ಫ್ಲ್ಯಾಟಿನಲ್ಲಿ ಮೊದಲ ಸಲ ಸುಣ್ಣ ಹೊಡೆಸಿದಾಗ ಗೋಡೆ ಚೆನ್ನಾಗಿಯೇ ಕಂಡಿತು. ಎರಡು ತಿಂಗಳಲ್ಲಿ ಹಪ್ಪಳದ ಚೂರಿನಂತೆ ಉದುರಿತು. ಕಾರಣ ಏನು ಎನ್ನುವುದನ್ನು ಗೋಡೆಯ ಹಂತದಲ್ಲಿ ಹೇಳುತ್ತೇನೆ.

ಇದು 2 ಬೆಡ್‌ರೂಮಿನ, ಈಗಾಗಲೇ ವಾಸ ಇರುವ ಫ್ಲ್ಯಾಟನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಸ್ವಂತ ಮನೆಯಾದರೆ ಇನ್ನೂ ಸುಲಭ. ಬಾಡಿಗೆ ಮನೆಯವರು 3, 5 ಮತ್ತು 7ನೇ ಹಂತಗಳನ್ನು ಧಾರಾಳವಾಗಿ ಮಾಡಬಹುದು.

ಹಂತ 1: ಒಂದು ವಾರ ಸುಮ್ನೆ ನೋಡಿ

ಏನನ್ನೂ ಕೊಳ್ಳಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಬೆಳಗ್ಗೆ 7, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಪ್ರತಿ ಕೋಣೆಯಲ್ಲೂ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಬರೆಯಿರಿ. ಗೋಡೆಯ ಬಣ್ಣ, ಪರದೆಯ ಬಟ್ಟೆ, ಗಿಡದ ಜಾಗ ಎಲ್ಲವೂ ಇದರ ಮೇಲೆಯೇ ನಿಂತಿವೆ.

ಪೂರ್ವದ ಕಿಟಕಿಗೆ ಬೆಳಗಿನ ಹಳದಿ ಬೆಳಕು, ಮಧ್ಯಾಹ್ನದ ಮೇಲೆ ತಂಪು. ಪಶ್ಚಿಮದ ಕೋಣೆ 3 ಗಂಟೆಯ ನಂತರ ಕಾಯುತ್ತದೆ. ಅಲ್ಲಿ ಗಾಢ ಇಟ್ಟಿಗೆ ಬಣ್ಣ ಹೊಡೆದರೆ ಸಂಜೆ ಕುಲುಮೆಯೊಳಗೆ ಕೂತ ಹಾಗೆ ಅನ್ನಿಸುತ್ತದೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂದು ತುಂಬಾ ಜನ ಹೇಳುತ್ತಾರೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಹಾಗಾಗಿ ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಸ್ವಲ್ಪ ಬಿಸಿಲು ಬರುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ಒಳಗೆ ಬಹುದೂರ ಬರುತ್ತದೆ. ನೀವು ನೋಡುವ ವಾರ ಯಾವ ತಿಂಗಳಿನದು ಎನ್ನುವುದನ್ನೂ ಬರೆದಿಡಿ.

ಅದೇ ವಾರದಲ್ಲಿ ಗೋಡೆಗಳ ಮೇಲೆ ಅಂಗೈ ಇಟ್ಟು ನೋಡಿ. ಬಾತ್‌ರೂಮಿಗೆ ಅಂಟಿದ ಗೋಡೆಯ ಕೆಳಭಾಗ, ಕಿಟಕಿಯ ಮೂಲೆ, ಮೇಲಿನ ಮನೆಯವರ ಬಾಲ್ಕನಿಯ ಕೆಳಗಿನ ಜಾಗ ಮುಖ್ಯ. ತಣ್ಣಗೆ, ಒದ್ದೆ ಅನ್ನಿಸಿದರೆ ಅಥವಾ ಉಪ್ಪಿನಂಥ ಬಿಳಿ ಪುಡಿ ಕಂಡರೆ ಅಲ್ಲಿ ನೀರು ಸೋರುತ್ತಿದೆ. ಮೊದಲು ಪ್ಲಂಬರ್ ಬರಬೇಕು. ಯಾವ ಬಣ್ಣವೂ ಸೋರಿಕೆಯನ್ನು ಮುಚ್ಚುವುದಿಲ್ಲ.

ಹಂತ 2: ಅಳತೆ ತೆಗೆಯಿರಿ, ಪೇಪರ್ ಹಾಸಿ ನಡೆಯಿರಿ

ಅಂಗಡಿಯ ದೊಡ್ಡ ಹಾಲಿನಲ್ಲಿ ಸಣ್ಣದಾಗಿ ಕಂಡ ಸೋಫಾ ಮನೆಗೆ ಬಂದಾಗ ಆನೆಯಾಗುತ್ತದೆ. ಕೊಳ್ಳುವ ಮೊದಲು ಹಳೆ ದಿನಪತ್ರಿಕೆಗಳನ್ನು ಆ ಸೋಫಾದ ಅಳತೆಗೆ ನೆಲದ ಮೇಲೆ ಹಾಸಿ, ಟೇಪ್ ಅಂಟಿಸಿ. ಎರಡು ದಿನ ಅದನ್ನು ತುಳಿಯದೆ ಓಡಾಡಿ. ಬಟ್ಟೆ ಒಣಗಿಸಲು ಬಾಲ್ಕನಿಗೆ ಹೋಗುವಾಗ ಕಾಲು ಪೇಪರಿಗೆ ತಾಗಿದರೆ ಆ ಸೋಫಾ ದೊಡ್ಡದಾಯಿತು.

ಈ ಅಳತೆಗಳು ನನಗೆ ಪ್ರತಿ ಸಲವೂ ಉಪಯೋಗಕ್ಕೆ ಬಂದಿವೆ. ಓಡಾಡುವ ದಾರಿ ಕನಿಷ್ಠ 3 ಅಡಿ. ಸೋಫಾಗೂ ಮುಂದಿನ ಟೀಪಾಯಿಗೂ 16ರಿಂದ 18 ಇಂಚು, ಕೂತಲ್ಲಿಂದಲೇ ಲೋಟ ಕೈಗೆ ಸಿಗಬೇಕು. ಊಟದ ಮೇಜಿನಲ್ಲಿ ಒಬ್ಬರಿಗೆ 24 ಇಂಚು ಅಗಲ, ಕುರ್ಚಿಯ ಹಿಂದೆ 3 ಅಡಿ. ಬಟ್ಟೆಯ ಕಪಾಟಿನ ಆಳ 2 ಅಡಿ, ಅದಕ್ಕಿಂತ ಕಡಿಮೆಯಾದರೆ ಹ್ಯಾಂಗರ್ ಬಾಗಿಲಿಗೆ ತಾಗುತ್ತದೆ. ಗೋಡೆಗೆ ಹಾಕುವ ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಲಿ. ನಮ್ಮಲ್ಲಿ ಎಲ್ಲರೂ ಚಿತ್ರಗಳನ್ನು ತೀರಾ ಮೇಲೆ ಹಾಕಿಬಿಡುತ್ತಾರೆ.

ಅಡುಗೆಕಟ್ಟೆಯ ಎತ್ತರಕ್ಕೆ ಅಂಗಡಿಯವರು ಹೇಳುವ ಒಂದೇ ಅಳತೆಯನ್ನು ಒಪ್ಪಬೇಡಿ. ಮನೆಯಲ್ಲಿ ಹೆಚ್ಚು ಹೊತ್ತು ಅಡುಗೆ ಮಾಡುವವರು ನೇರ ನಿಂತು ಮೊಣಕೈ ಮಡಿಸಲಿ. ನೆಲದಿಂದ ಮೊಣಕೈಗೆ ಎಷ್ಟು ಇಂಚೋ ಅದರಲ್ಲಿ 4ರಿಂದ 6 ಇಂಚು ಕಳೆಯಿರಿ. 5 ಅಡಿ 2 ಇಂಚು ಎತ್ತರದವರಿಗೆ ಸುಮಾರು 33 ಇಂಚು ಬರುತ್ತದೆ. ಸೊಂಟ ನೋವು ಬರದೆ ಚಪಾತಿ ಲಟ್ಟಿಸಬಹುದು.

ಹಂತ 3: ದೀಪ ಮೊದಲು

ಬಣ್ಣಕ್ಕಿಂತ ಮೊದಲು ದೀಪದ ಯೋಚನೆ ಮಾಡಬೇಕು. ಹೊಸ ವೈರ್ ಎಳೆಯಲು ಗೋಡೆ ಕೊರೆಯಬೇಕಾಗುತ್ತದೆ. ಹೊಸ ಗೋಡೆಯನ್ನು ಕೊರೆಯುವ ಸಂಕಟ ಯಾರಿಗೂ ಬೇಡ.

ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಎಂದು ಒಂದು ಸಂಖ್ಯೆ ಇರುತ್ತದೆ. 6500 ಎಂದರೆ ನೀಲಿ ಛಾಯೆಯ ಬಿಳಿ ಬೆಳಕು. 4000 ಎಂದರೆ ಹದವಾದ ಬಿಳಿ. 2700ರಿಂದ 3000 ಎಂದರೆ ದೀಪದೆಣ್ಣೆಯ ಬೆಳಕಿಗೆ ಹತ್ತಿರದ ಹಳದಿ. ಕಾವಿ, ಕಂದು, ಮರ, ಹಿತ್ತಾಳೆ ಇವು 6500ರ ಬೆಳಕಿನಲ್ಲಿ ಸತ್ತ ಹಾಗೆ ಕಾಣುತ್ತವೆ. ಮಣ್ಣಿನ ಬಣ್ಣದ ಮನೆ ಮಾಡಿಕೊಂಡು ಹಳೆ ಟ್ಯೂಬ್‌ಲೈಟನ್ನೇ ಉಳಿಸಿಕೊಂಡರೆ ಪಟ್ಟ ಶ್ರಮವೆಲ್ಲ ನೀರಿಗೆ. ಹಾಲ್, ಮಲಗುವ ಕೋಣೆ, ದೇವರ ಮನೆಗೆ 2700 ಅಥವಾ 3000. ಅಡುಗೆಮನೆ ಮತ್ತು ಮಕ್ಕಳು ಓದುವ ಮೇಜಿಗೆ 4000. ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎನ್ನುವ ಅಳತೆ) 90 ಅಥವಾ ಹೆಚ್ಚು ಎಂದಿದ್ದರೆ ಅದನ್ನೇ ಕೊಳ್ಳಿ. ಬಟ್ಟೆಯ ಬಣ್ಣ, ಹಣ್ಣಿನ ಬಣ್ಣ ಇದ್ದ ಹಾಗೇ ಕಾಣುತ್ತದೆ.

ಚಾವಣಿಯ ನಡುವೆ ಒಂದು ದೊಡ್ಡ ದೀಪ ಹಾಕಿದರೆ ಎಲ್ಲರ ಕಣ್ಣ ಕೆಳಗೂ ನೆರಳು. ಅದರ ಬದಲು ಮೂರು ಎತ್ತರದಲ್ಲಿ ಮೂರು ಸಣ್ಣ ದೀಪ ಇರಲಿ: ಗೋಡೆಯ ಮೇಲೊಂದು, ಮೇಜಿನ ಮೇಲೊಂದು, ನೆಲದ ಹತ್ತಿರ ಒಂದು. ತಲಾ 5ರಿಂದ 7 ವ್ಯಾಟ್ ಸಾಕು. ಗುಡಿಸಿ ಒರೆಸಲು, ಕಳೆದ ಸೂಜಿ ಹುಡುಕಲು ಮೇಲಿನದು ಇದ್ದೇ ಇರಲಿ, ಆದರೆ ಬೇರೆ ಸ್ವಿಚ್ಚಿಗೆ. ಬೆಂಗಳೂರಿನಲ್ಲಾದರೆ ಬಿವಿಕೆ ಅಯ್ಯಂಗಾರ್ ರಸ್ತೆಯ ಅಂಗಡಿಗಳಲ್ಲಿ ಬಲ್ಬ್ ಹಚ್ಚಿ ತೋರಿಸಲು ಕೇಳಿ. ನಿಮ್ಮ ಪರದೆಯ ಒಂದು ತುಂಡು ಬಟ್ಟೆಯನ್ನು ಜೊತೆಗೆ ಒಯ್ದು ಅದರ ಕೆಳಗೆ ಹಿಡಿದು ನೋಡಿ.

ಫಾಲ್ಸ್ ಸೀಲಿಂಗ್ ಬೇಕೇ? ಮಾಮೂಲಿ ಫ್ಲ್ಯಾಟಿನ ಚಾವಣಿ ಹತ್ತು ಅಡಿಯೂ ಇರುವುದಿಲ್ಲ. ಅದರಲ್ಲಿ ಅರ್ಧ ಅಡಿ ಕಳೆದುಕೊಳ್ಳುವುದು ನನಗಂತೂ ಒಪ್ಪಿಗೆ ಇಲ್ಲ. ತೊಲೆಯ ಕೆಳಗೆ ವೈರ್ ಮುಚ್ಚಲು ಒಂದು ಪಟ್ಟಿ ಬೇಕಾದರೆ ಅಷ್ಟಕ್ಕೇ ಮಾಡಿಸಿ.

ಹಂತ 4: ನೆಲ

ಕೆಂಪು ಆಕ್ಸೈಡ್ ನೆಲದ ಫೋಟೋ ನೋಡಿ ಮನಸೋಲದವರಿಲ್ಲ. ಆದರೆ ಇದು ಗಾರೆ ಮೇಸ್ತ್ರಿಯ ಕೈಯ ಕೆಲಸ. ಆ ಕೈ ಈಗ ಅಪರೂಪ. ಆತ ಹಿಂದೆ ಮಾಡಿದ ನೆಲವನ್ನು, ಸಾಧ್ಯವಾದರೆ ಎರಡು ವರ್ಷ ಹಳೆಯದನ್ನು, ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ.

ಕೆಲಸ ಹೀಗೆ ನಡೆಯುತ್ತದೆ. ಹಳೆ ಟೈಲ್ಸ್ ಒಡೆದು ತೆಗೆದು ಕೆಳಗೆ ಕಾಂಕ್ರೀಟ್ ಹಾಸು ಹಾಕುತ್ತಾರೆ. ಅದು ಪೂರ್ತಿ ಒಣಗುವ ಮೊದಲೇ ಸಿಮೆಂಟ್ ಮತ್ತು ಆಕ್ಸೈಡ್ ಪುಡಿ ಕಲಸಿದ ಮೇಲ್ಪದರ ಎಳೆಯುತ್ತಾರೆ. ಸಾಮಾನ್ಯವಾಗಿ 3 ಪಾಲು ಸಿಮೆಂಟಿಗೆ 1 ಪಾಲು ಪುಡಿ ಎನ್ನುತ್ತಾರೆ. ಪ್ರತಿ ಮೇಸ್ತ್ರಿಗೂ ತನ್ನದೇ ಹದ ಇದೆ. ಒಂದು ಕೋಣೆಗೆ ಬೇಕಾದಷ್ಟು ಪುಡಿಯನ್ನು ಒಣಗಿರುವಾಗಲೇ ಒಟ್ಟಿಗೆ ಬೆರೆಸಿ, ಜರಡಿ ಹಿಡಿದು ಇಟ್ಟುಕೊಳ್ಳಬೇಕು. ಅರ್ಧಕ್ಕೆ ಮುಗಿದು ಮತ್ತೆ ಕಲಸಿದರೆ ಎರಡು ಬಣ್ಣ ಬರುವುದು ಖಂಡಿತ.

ನಮ್ಮ ಬಾಲ್ಕನಿಗೆ ಹಾಕಿಸಿದ ದಿನ ನಾನು ಪೂರ್ತಿ ಅಲ್ಲೇ ಕೂತಿದ್ದೆ. ಮೇಸ್ತ್ರಿ ಮಂಡಿಯೂರಿ ಕೂತು ಕರಣೆಯನ್ನು ಅರ್ಧ ಚಂದ್ರನ ಹಾಗೆ ಎಳೆಯುತ್ತಿದ್ದರು. ಮೊದಲ ಸುತ್ತಿಗೆ ಸದ್ದು ದಪ್ಪ. ಗಾರೆ ಬಿಗಿಯುತ್ತಾ ಹೋದ ಹಾಗೆ ಕರಣೆಯ ಸದ್ದು ತೆಳುವಾಗಿ, ಕೊನೆಗೆ ಗಾಜಿನ ಮೇಲೆ ಉಗುರು ಎಳೆದಂತೆ ಆಯಿತು. ಒಳಗಿನ ಹಾಲಿನಲ್ಲಿ ಯಾರೋ ಫ್ಯಾನ್ ಹಾಕಿದರು. ‘ಆಫ್ ಮಾಡಿ ಅಕ್ಕ, ಗಾಳಿ ಬಿದ್ರೆ ಬಿರುಕು ಬಿಡತ್ತೆ’ ಎಂದರು ಮೇಸ್ತ್ರಿ. ತಲೆ ಎತ್ತಲೂ ಇಲ್ಲ.

ಬಿರುಕಿನ ಭಯ ನಿಜವೇ. ದೊಡ್ಡ ಹಾಲಾದರೆ 4 ಅಡಿಗೊಂದರಂತೆ ಹಿತ್ತಾಳೆ ಅಥವಾ ಗಾಜಿನ ಪಟ್ಟಿ ಕೂರಿಸಿ ಭಾಗ ಮಾಡಿಸಿ. ಬಿರುಕು ಬಿಟ್ಟರೂ ಆ ಗೆರೆಯ ಒಳಗೇ ಉಳಿಯುತ್ತದೆ. ಹಾಕಿದ ಮೇಲೆ ಕನಿಷ್ಠ 7 ದಿನ ನೀರು ಉಣಿಸಬೇಕು. ನೆಲಮಹಡಿಯಲ್ಲಾದರೆ ನೀರು ಕಟ್ಟಿ ನಿಲ್ಲಿಸುತ್ತಾರೆ. ಮೇಲಿನ ಮಹಡಿಯ ಫ್ಲ್ಯಾಟಿನಲ್ಲಿ ಹಾಗೆ ಮಾಡಿದರೆ ಕೆಳಗಿನ ಮನೆಯವರ ಚಾವಣಿ ಒದ್ದೆಯಾದೀತು. ಒದ್ದೆ ಗೋಣಿಚೀಲ ಹಾಸಿ ದಿನಕ್ಕೆ ಮೂರು ನಾಲ್ಕು ಸಲ ನೀರು ಚಿಮುಕಿಸಿ.

ವಾಸ ಇರುವ ಫ್ಲ್ಯಾಟಿನಲ್ಲಿ ಪೂರ್ತಿ ನೆಲ ಒಡೆಸಬೇಡಿ ಎನ್ನುವುದೇ ನನ್ನ ಸಲಹೆ. ದೂಳು, ಸದ್ದು, ಬಾಗಿಲಿನ ಕೆಳಗೆ ಎತ್ತರದ ವ್ಯತ್ಯಾಸ, ನೆರೆಯವರ ಬೇಸರ, ಎಲ್ಲ ಸೇರಿ ಒಂದು ತಿಂಗಳು ಮನೆ ಮನೆಯಾಗಿರುವುದಿಲ್ಲ. ಬಾಲ್ಕನಿ ಅಥವಾ ದೇವರ ಮನೆಗೆ ಸಾಕು. ಅಲ್ಲಿ ತಮಿಳುನಾಡಿನ ಚೆಟ್ಟಿನಾಡಿನ ಆತ್ತಂಗುಡಿ ಟೈಲ್ಸ್ ಕೂಡ ಚೆಂದ. ಗಾಜಿನ ಹಲಗೆಯ ಮೇಲೆ ಅಚ್ಚಿಟ್ಟು, ಬಣ್ಣದ ಸಿಮೆಂಟನ್ನು ಕೈಯಿಂದ ಸುರಿದು, ನೀರಿನಲ್ಲಿ ನೆನೆಸಿ ಗಟ್ಟಿ ಮಾಡುತ್ತಾರೆ. ಒಲೆಯಲ್ಲಿ ಸುಡುವುದಿಲ್ಲ. ಗಾಜಿನಿಂದ ಬಿಡಿಸಿದ ಮುಖವೇ ಅದರ ಹೊಳಪು. ನಮ್ಮ ಶಹಾಬಾದ್ ಕಲ್ಲನ್ನು ಕೂಡ ಮರೆಯಬೇಡಿ. ತಣ್ಣಗಿರುತ್ತದೆ, ಬೂದು ಬಣ್ಣ ಕೆಂಪಿನ ಪಕ್ಕ ಒಪ್ಪುತ್ತದೆ, ಬೆಲೆಯೂ ಹಗುರ.

ಉಳಿದ ಕೋಣೆಗಳ ಬಿಳಿ ಟೈಲ್ಸ್ ಮೇಲೆ ಜಮಖಾನ ಹಾಸಿ.

ಹಂತ 5: ಮರ ಮತ್ತು ಬೆತ್ತ

ಹೊಸದಾಗಿ ಮಾಡಿಸುವುದಿದ್ದರೆ ಪ್ಲೈವುಡ್ಡಿನ ಮೇಲೆ ಒತ್ತಿದ ಅಚ್ಚು ನೋಡಿ. ಐಎಸ್ 710 ಎಂದಿದ್ದರೆ ಅದು ಮರೈನ್ ದರ್ಜೆ, ಸಿಂಕಿನ ಕೆಳಗಿನ ಕಪಾಟಿಗೆ ಇದೇ ಬೇಕು. ಐಎಸ್ 303 ಬಿಡಬ್ಲ್ಯುಆರ್ (ಕುದಿಯುವ ನೀರನ್ನು ತಾಳುವ ದರ್ಜೆ) ಅಡುಗೆಮನೆಯ ಉಳಿದ ಭಾಗಕ್ಕೆ ಸಾಕು. ಎಂಆರ್ (ತೇವವನ್ನಷ್ಟೇ ತಾಳುವ) ದರ್ಜೆ ಒಣ ಕೋಣೆಯ ಕಪಾಟಿಗೆ ಮಾತ್ರ. ಬಡಗಿ ತರುವ ದಿನ ನೀವೂ ಅಂಗಡಿಗೆ ಹೋಗಿ.

ಅದಕ್ಕಿಂತ ಮೊದಲು ಊರಿನ ಅಟ್ಟ ಹತ್ತಿ. ಅಜ್ಜನ ಕಾಲದ ಪೆಟಾರಿ, ತೇಗದ ಕುರ್ಚಿ, ಬೀಟೆ ಮರದ ಮೇಜು ಅಲ್ಲಿ ದೂಳು ತಿನ್ನುತ್ತಿರಬಹುದು. ತರುವ ಮೊದಲು ಮಗುಚಿ ಅಡಿಭಾಗ ನೋಡಿ. ಗುಂಡುಸೂಜಿ ತಲೆಯಷ್ಟು ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹಿಡಿದಿದೆ, ಹುಳು ಇನ್ನೂ ಜೀವಂತ ಇದೆ. ಔಷಧಿ ಹೊಡೆಸದೆ ಮನೆಯೊಳಗೆ ತರಬೇಡಿ. ತೂತು ಇದ್ದು ಪುಡಿ ಇಲ್ಲದಿದ್ದರೆ ಕೆಳಗೆ ಕರಿ ಕಾಗದ ಹಾಸಿ ಎರಡು ವಾರ ಕಾಯಿರಿ. ಹೊಸ ಪುಡಿ ಬಿದ್ದರೆ ತಿಳಿಯುತ್ತದೆ.

ಹಳೆ ಕುರ್ಚಿಯ ಬೆತ್ತದ ಹೆಣಿಗೆ ಜೋಲು ಬಿದ್ದಿದ್ದರೆ ಎಸೆಯಬೇಡಿ. ಕುರ್ಚಿ ಮಗುಚಿ, ಹೆಣಿಗೆಯ ಹಿಂಬದಿಗೆ ಒದ್ದೆ ಬಟ್ಟೆ ಒತ್ತಿ ಚೆನ್ನಾಗಿ ನೆನೆಯಲು ಬಿಡಿ. ಗಾಳಿ ಆಡುವ ಕಡೆ ಒಂದು ದಿನ ಒಣಗಲಿ, ಯಾರೂ ಕೂರಬಾರದು. ಒಣಗುವಾಗ ಬೆತ್ತ ತಾನೇ ಬಿಗಿಯುತ್ತದೆ. ಎಳೆ ಹರಿದಿದ್ದರೆ ಮಾತ್ರ ಹೆಣೆಯುವವರ ಹತ್ತಿರ ಒಯ್ಯಿರಿ.

ಅಡುಗೆಮನೆಯಲ್ಲಿ ಬಾಗಿಲಿಲ್ಲದ ತೆರೆದ ಶೆಲ್ಫು ಈಗ ಟ್ರೆಂಡ್. ಫೋಟೋದಲ್ಲಿ ಚೆಂದವೇ. ದಿನಾ ಎರಡು ಹೊತ್ತು ಒಗ್ಗರಣೆ ಹಾಕುವ ಮನೆಯಲ್ಲಿ ಒಲೆಯ ಪಕ್ಕದ ತೆರೆದ ಶೆಲ್ಫಿನ ಡಬ್ಬಿಗಳು ತಿಂಗಳಲ್ಲಿ ಅಂಟು ಅಂಟಾಗುತ್ತವೆ. ಒಲೆಯಿಂದ ದೂರದ ಗೋಡೆಯಲ್ಲಿ ಒಂದೇ ಹಲಗೆ, ದಿನಾ ತೊಳೆದಿಡುವ ಲೋಟ ತಟ್ಟೆಗೆ ಮಾತ್ರ ಮಾಡಿಸಿ.

ಹಂತ 6: ಗೋಡೆ

ನಮ್ಮ ಸುಣ್ಣ ಯಾಕೆ ಉದುರಿತು ಎನ್ನುವ ಕಥೆ ಈಗ. ಸುಣ್ಣದ ಕಲ್ಲನ್ನು ಸುಟ್ಟಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿದಾಗ ಕೊತಕೊತ ಕುದಿದು ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಹೀಗೆ ಕಲ್ಲಾಗುವಾಗ ಗೋಡೆಯ ಸಣ್ಣ ಸಣ್ಣ ರಂಧ್ರಗಳೊಳಗೆ ಬೇರು ಬಿಡಬೇಕು. ನಮ್ಮ ಗೋಡೆಯ ಮೇಲೆ ಹಳೆಯ ಎಮಲ್ಶನ್ ಪೇಂಟ್ ಇತ್ತು. ಅದು ಪ್ಲಾಸ್ಟಿಕ್ಕಿನ ತೆಳು ಹಾಳೆ ಇದ್ದ ಹಾಗೆ. ಸುಣ್ಣಕ್ಕೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಪೇಂಟ್ ಮಾಡಿದವರೂ ಇದನ್ನು ನೋಡಲಿಲ್ಲ, ನನಗೂ ಆಗ ಗೊತ್ತಿರಲಿಲ್ಲ.

ಆದ್ದರಿಂದ ಮೊದಲ ಪರೀಕ್ಷೆ ಇದು. ಅಂಗೈಯಲ್ಲಿ ನೀರು ತೆಗೆದುಕೊಂಡು ಗೋಡೆಗೆ ಚಿಮುಕಿಸಿ. ನೀರು ಒಳಗಿಳಿದು ಗೋಡೆ ಕಪ್ಪಾದರೆ ಸುಣ್ಣ ಹಿಡಿಯುತ್ತದೆ. ಹನಿಹನಿಯಾಗಿ ಜಾರಿದರೆ ಹಿಡಿಯುವುದಿಲ್ಲ. ಜಾರುವ ಗೋಡೆಗೆ ಎರಡು ದಾರಿ. ಒಂದು, ಪೇಂಟನ್ನು ಸಾರಣೆಯ ತನಕ ಕೆರೆದು ತೆಗೆಯುವುದು. ಇನ್ನೊಂದು, ಲೈಮ್‌ವಾಶ್‌ಗೆಂದೇ ಬರುವ, ಸಣ್ಣ ಮರಳಿನ ಒರಟು ಇರುವ ಮಿನರಲ್ ಪ್ರೈಮರ್ ಹೊಡೆಯುವುದು. ಎರಡನೆಯದು ಸುಲಭ, ಮೊದಲನೆಯದು ಗಟ್ಟಿ. ನಾವು ಎರಡನೇ ಸಲ ಒಂದೇ ಗೋಡೆಯನ್ನು, 12 ಅಡಿ ಅಗಲ 9 ಅಡಿ ಎತ್ತರದ್ದನ್ನು, ಪೂರ್ತಿ ಕೆರೆಸಿದೆವು.

ಸಿದ್ಧ ಲೈಮ್‌ವಾಶ್ ಡಬ್ಬಿ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ನೀವೇ ಮಾಡುವುದಾದರೆ ಸುಟ್ಟ ಸುಣ್ಣದ ಕಲ್ಲನ್ನು ಕಬ್ಬಿಣದ ಬಾನಿಯಲ್ಲಿ ನೆನೆಸಬೇಕು. ಮೊದಲು ನೀರು, ಆಮೇಲೆ ಕಲ್ಲು ಸ್ವಲ್ಪಸ್ವಲ್ಪವಾಗಿ. ತುಂಬಾ ಬಿಸಿಯಾಗಿ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಕರಗೀತು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ಬೇರೆ ಮನೆಗೆ ಕಳಿಸಿ. ಫ್ಲ್ಯಾಟಿನಲ್ಲಿ ಇದನ್ನು ಮಾಡುವುದಕ್ಕಿಂತ ನೆನೆಸಿದ ಸುಣ್ಣದ ಮುದ್ದೆಯನ್ನೇ ತರುವುದು ಒಳ್ಳೆಯದು. ಅದನ್ನು ನೀರಿನಲ್ಲಿ ಕದಡಿ, ಹಳೆ ಪಂಚೆಯಲ್ಲಿ ಎರಡು ಸಲ ಸೋಸಿ. ಹದ ಹಾಲಿನಷ್ಟು ತೆಳ್ಳಗಿರಬೇಕು. ಗಟ್ಟಿ ಮಜ್ಜಿಗೆಯಷ್ಟು ದಪ್ಪವಾದರೆ ಬಿರುಕು ಬಿಟ್ಟು ಪುಡಿಯಾಗುತ್ತದೆ.

ಬಣ್ಣಕ್ಕೆ ಕೆಮ್ಮಣ್ಣು ಅಥವಾ ಕೆಂಪು, ಹಳದಿ, ಕಂದು ಆಕ್ಸೈಡ್ ಪುಡಿ. ಸುಣ್ಣ ತೀಕ್ಷ್ಣ ಕ್ಷಾರ. ಬೇರೆ ಕೆಲವು ಬಣ್ಣಗಳು ಅದರಲ್ಲಿ ಉಳಿಯುವುದಿಲ್ಲ, ಕಬ್ಬಿಣದ ಆಕ್ಸೈಡ್ ಉಳಿಯುತ್ತದೆ. ಪುಡಿಯ ಪ್ರಮಾಣ ಸುಣ್ಣದ ತೂಕದ ನೂರಕ್ಕೆ 5ರಿಂದ 10 ಮೀರದಿರಲಿ. ಬಿಸಿನೀರಿನಲ್ಲಿ ಗಂಟಿಲ್ಲದೆ ಕಲಸಿ ಆಮೇಲೆ ಸೇರಿಸಿ.

ಹಸಿ ಸುಣ್ಣ ಎಷ್ಟು ಗಾಢ ಕಾಣುತ್ತದೋ ಒಣಗಿದ ಮೇಲೆ ಅದರಷ್ಟೇ ತಿಳಿಯಾಗುತ್ತದೆ. ಇಟ್ಟಿಗೆ ಕೆಂಪು ಎಂದುಕೊಂಡದ್ದು ಮರುದಿನ ಪೀಚ್ ಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಹಾಗಾಗಿ 2 ಅಡಿ ಚೌಕದಲ್ಲಿ ಬಳಿದು 24 ಗಂಟೆ ಬಿಟ್ಟು, ಬೆಳಗ್ಗೆ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ ತೀರ್ಮಾನಿಸಿ.

ಬಳಿಯುವ ದಿನ ಗೋಡೆಗೆ ನೀರು ಚಿಮುಕಿಸಿ ತೇವ ಮಾಡಿ, ನೀರು ಕೆಳಗೆ ಹರಿಯುವಂತಿರಬಾರದು. ಅಗಲದ ನಾರಿನ ಬ್ರಷ್‌ನಿಂದ ಅಡ್ಡಾದಿಡ್ಡಿ ಎಳೆಯಿರಿ. ಮೊದಲ ಕೋಟ್ ಹೊಡೆದಾಗ ಏನೂ ಕಾಣುವುದಿಲ್ಲ, ನೀರು ಬಳಿದಂತಿರುತ್ತದೆ. ಹೆದರಿ ದಪ್ಪ ಮಾಡಬೇಡಿ. ಒಂದು ದಿನ ಬಿಟ್ಟು, ಮತ್ತೆ ತೇವ ಮಾಡಿ ಎರಡನೆಯದು, ಇನ್ನೊಂದು ದಿನ ಬಿಟ್ಟು ಮೂರನೆಯದು. ಒಂದು ಗೋಡೆ ಶುರು ಮಾಡಿದರೆ ಮೂಲೆಯ ತನಕ ನಿಲ್ಲಿಸಬಾರದು, ನಿಂತಲ್ಲಿ ಗೆರೆ ಉಳಿಯುತ್ತದೆ. ನೇರ ಬಿಸಿಲು ಗೋಡೆಗೆ ಬೀಳುವ ಹೊತ್ತಿನಲ್ಲಿ ಬಳಿಯಬೇಡಿ. ಬೇಗ ಒಣಗಿದ ಸುಣ್ಣ ಬಟ್ಟೆಗೆ ಹತ್ತುತ್ತದೆ.

ಹಾಗೆಂದು ಎಷ್ಟೇ ಚೆನ್ನಾಗಿ ಬಳಿದರೂ ಬೆನ್ನು ಒರಗುವ ಜಾಗಕ್ಕೆ ಸುಣ್ಣ ಹೊಂದುವುದಿಲ್ಲ. ಸೋಫಾದ ಹಿಂದೆ, ಮಂಚದ ತಲೆಯ ಹತ್ತಿರ, ಮಕ್ಕಳು ಕೈ ಇಡುವ ಓಣಿಯಲ್ಲಿ ನಮ್ಮ ಹಿರಿಯರ ದಾರಿಯೇ ಸರಿ: ಕೆಳಗಿನ 3 ಅಡಿಗೆ ಬೇರೆ ಬಣ್ಣ. ಅಲ್ಲಿ ತೊಳೆಯಬಹುದಾದ ಮ್ಯಾಟ್ ಎಮಲ್ಶನ್ ಕಾವಿ ಬಣ್ಣದಲ್ಲಿ, ಮೇಲೆ ಸುಣ್ಣ. ಈ ಎರಡು ಬಣ್ಣದ ಗೋಡೆಯೂ ಈಗ ಟ್ರೆಂಡೇ. ಕೊಳೆ ಕಾಣದಿರಲಿ ಎಂದು ಅಜ್ಜಿ ಮಾಡುತ್ತಿದ್ದುದು ಅದನ್ನೇ.

ಆ ಕಾವಿ ಪಟ್ಟಿಯ ಮೇಲೆ ಹಸೆ ಚಿತ್ತಾರ ಬರೆಸಿದರೆ ಮನೆಗೊಂದು ಜೀವ ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಮದುವೆಗೆ, ಹಬ್ಬಕ್ಕೆ ಬರೆಯುವ ಚಿತ್ರ ಇದು. ಅಕ್ಕಿ ಅರೆದು ಬಿಳಿ, ಅಕ್ಕಿ ಹುರಿದು ಕಪ್ಪಾಗಿಸಿ ಕಪ್ಪು, ಮಣ್ಣಿನಿಂದ ಕೆಂಪು, ಗುರಿಗೆ ಕಾಯಿಯಿಂದ ಹಳದಿ. ಬ್ರಷ್ ಮಾಡುವುದು ಪುಂಡಿ ನಾರಿನಿಂದ. ಗೆರೆಗಳೆಲ್ಲ ನೇರ, ತೆಳು, ಒತ್ತೊತ್ತು. ಸ್ಟಿಕ್ಕರ್ ತಂದು ಅಂಟಿಸಬೇಡಿ. ಅಲ್ಲಿನ ಕಲಾವಿದೆಯರು ಕಾಗದ, ಬಟ್ಟೆಯ ಮೇಲೂ ಬರೆದು ಕೊಡುತ್ತಾರೆ. ಚೌಕಟ್ಟು ಹಾಕಿಸಿದರೆ ಬಾಡಿಗೆ ಮನೆಯಿಂದ ಮನೆಗೆ ಒಯ್ಯಬಹುದು.

ಹಂತ 7: ಬಟ್ಟೆ, ಜಮಖಾನ, ನಾಲ್ಕಾರು ವಸ್ತು

ಪರದೆಯ ಕಂಬಿಯನ್ನು ಕಿಟಕಿಯ ಮೇಲಂಚಿಗಿಂತ 6 ಇಂಚು ಮೇಲೆ, ಎರಡೂ ಬದಿಗೆ 6ರಿಂದ 8 ಇಂಚು ಹೊರಗೆ ಹಾಕಿಸಿ. ಪರದೆ ಸರಿಸಿದಾಗ ಗಾಜು ಪೂರ್ತಿ ತೆರೆಯುತ್ತದೆ, ಕೋಣೆ ಎತ್ತರ ಕಾಣುತ್ತದೆ. ಬಟ್ಟೆಯ ಅಗಲ ಕಂಬಿಯ ಎರಡರಷ್ಟು ಇರಬೇಕು, ಕಡಿಮೆಯಾದರೆ ನೆರಿಗೆ ಬೀಳದೆ ಬೆಡ್‌ಶೀಟ್ ನೇತುಹಾಕಿದಂತೆ ಕಾಣುತ್ತದೆ. ಕೈಮಗ್ಗದ ಹತ್ತಿಯನ್ನು ಹೊಲಿಸುವ ಮೊದಲು ಒಮ್ಮೆ ಒಗೆದು ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ನೆಲದಿಂದ ಮೇಲೇರುತ್ತದೆ.

ದಿಂಬಿನ ಕವರಿಗೆ ಗುಳೇದಗುಡ್ಡದ ಖಣ ನನ್ನ ಮೊದಲ ಆಯ್ಕೆ. ಕುಪ್ಪಸದ ಬಟ್ಟೆಯಾದ್ದರಿಂದ ಅಗಲ ಕಡಿಮೆ. ಕೊಳ್ಳುವ ಮೊದಲು ದಿಂಬಿನ ಅಳತೆ ಹೇಳಿ, ಜೋಡಿಸಿ ಹೊಲಿಯಬೇಕೇ ಎಂದು ದರ್ಜಿಯನ್ನು ಕೇಳಿ. ಇಡೀ ದಿಂಬಿಗೆ ಖಣ ಹಾಕಬೇಡಿ. ಮುಂಭಾಗಕ್ಕೆ ಖಣ, ಹಿಂಭಾಗಕ್ಕೆ ಸಾದಾ ಹತ್ತಿ.

ನವಲಗುಂದದ ಜಮಖಾನ ಹೆಣ್ಣುಮಕ್ಕಳೇ ನೇಯುವ ದಪ್ಪ ಹತ್ತಿಯ ಹಾಸು, ನವಿಲು ಮತ್ತು ಪಗಡೆಯ ವಿನ್ಯಾಸಕ್ಕೆ ಹೆಸರಾದದ್ದು. ಸೋಫಾದ ಮುಂದಿನ ಎರಡು ಕಾಲು ಅದರ ಮೇಲೆ ಕೂರುವಷ್ಟು ದೊಡ್ಡದನ್ನೇ ತನ್ನಿ. ನಡುಮನೆಯಲ್ಲಿ ತೇಲುವ ಸಣ್ಣ ಹಾಸು ಕೋಣೆಯನ್ನು ಇನ್ನೂ ಚಿಕ್ಕದಾಗಿ ಕಾಣಿಸುತ್ತದೆ.

ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ತಾರದ ಗೊಂಬೆ, ಬೀದರಿನ ಕರಿ ಲೋಹಕ್ಕೆ ಬೆಳ್ಳಿ ಕೂರಿಸಿದ ಹೂಜಿ, ಇವೆಲ್ಲ ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ನೋಡಲು ಸಿಗುತ್ತವೆ. ಎಲ್ಲವನ್ನೂ ಒಟ್ಟಿಗೆ ತಂದು ಒಂದೇ ಶೆಲ್ಫಿನಲ್ಲಿ ಜೋಡಿಸಬೇಡಿ, ಮನೆ ಅಂಗಡಿಯಾಗುತ್ತದೆ. ಒಂದು ಗೂಡಿಗೆ ಒಂದೇ ವಸ್ತು, ಅದರ ಮೇಲೊಂದು ಸಣ್ಣ ದೀಪ.

ಗಿಡಗಳಿಗೆ 1ನೇ ಹಂತದ ನೋಟ್‌ಬುಕ್ ತೆರೆಯಿರಿ. ಬಿಸಿಲು ಬಾರದ ಮೂಲೆಗೆ ಸ್ನೇಕ್ ಪ್ಲಾಂಟ್ ಅಥವಾ ಮನಿಪ್ಲಾಂಟ್, ಬೆಳಕು ಬರುವ ಕಿಟಕಿಯ ಪಕ್ಕ ಅರೆಕಾ ಪಾಮ್. ಹಳೆ ತಾಮ್ರದ ಹಂಡೆಯಲ್ಲಿ ಗಿಡ ಇಡುವುದಾದರೆ ಹಂಡೆಗೆ ತೂತು ಕೊರೆಯದೆ, ಗಿಡವನ್ನು ಅದರ ಕುಂಡದ ಸಮೇತ ಒಳಗಿಡಿ.

ವರ್ಷದ ಆರೈಕೆ

ಆಕ್ಸೈಡ್ ನೆಲಕ್ಕೆ ಆಸಿಡ್, ವಿನೆಗರ್, ನಿಂಬೆರಸ ತಾಗಬಾರದು, ಸಿಮೆಂಟನ್ನು ತಿಂದು ಕಲೆ ಮಾಡುತ್ತವೆ. ಸಾದಾ ನೀರಿನಲ್ಲಿ ಒರೆಸಿ, ತಿಂಗಳಿಗೊಮ್ಮೆ ಒಂದು ಬಟ್ಟೆಗೆ ಕೆಲವು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ. ಒರೆಸಿದ ತಕ್ಷಣ ನಡೆದರೆ ಜಾರುತ್ತದೆ, ರಾತ್ರಿ ಮಲಗುವ ಮೊದಲು ಮಾಡಿ. ಹೊಳಪು ಬರಲು ತಿಂಗಳುಗಳೇ ಬೇಕು, ಮನೆಯವರ ಬರಿಗಾಲೇ ಅದಕ್ಕೆ ಪಾಲಿಶ್. ಮಳೆಗಾಲದಲ್ಲಿ ಬೆತ್ತದ ಸಂದಿಯಲ್ಲಿ ಬೂಷ್ಟು ಕಂಡರೆ ಒಣ ಬ್ರಷ್‌ನಲ್ಲಿ ತಿಕ್ಕಿ ಬಿಸಿಲಿಗೆ ಒಂದು ಗಂಟೆ ಇಡಿ, ಅದಕ್ಕಿಂತ ಜಾಸ್ತಿ ಹೊತ್ತು ಬೇಡ.

ಗೋಡೆಗೆ ಬಳಿದು ಉಳಿದ ಸುಣ್ಣದ ಮುದ್ದೆಯನ್ನು, ಬಣ್ಣ ಬೆರೆಸದೆ ಇರುವುದನ್ನು, ಚೆಲ್ಲಬೇಡಿ. ಮುಚ್ಚಳ ಇರುವ ಡಬ್ಬಿಗೆ ಹಾಕಿ, ಮೇಲೆ ಎರಡು ಬೆರಳಷ್ಟು ನೀರು ನಿಲ್ಲಿಸಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಗಾಳಿ ತಾಗದ ಸುಣ್ಣ ವರ್ಷ ಕಳೆದರೂ ಹಾಳಾಗುವುದಿಲ್ಲ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ, ಎಷ್ಟು ಸುಣ್ಣಕ್ಕೆ ಎಷ್ಟು ಚಮಚ ಕೆಮ್ಮಣ್ಣು ಹಾಕಿದಿರಿ ಎಂದು ಬರೆಯಿರಿ. ಮುಂದಿನ ದೀಪಾವಳಿಗೆ ಮೊಳೆ ಕಿತ್ತ ಜಾಗ, ಕುರ್ಚಿ ತಾಗಿದ ಗೆರೆ ಮುಚ್ಚಲು ಆ ಚೀಟಿ ಬೇಕಾಗುತ್ತದೆ.